ಮೂರು ಗಾಲಿಯ ಸೈಕಲ್ಲಿನ ಮನೆಯಾರೈಕೆ



ಸೈಕಲ್ಲನ್ನು ತುಳಿಯಬಲ್ಲವರು ನಮ್ಮಲ್ಲಿ ಬಹುಮಂದಿ. ಅದನ್ನು ಒರಸಿ ಎಣ್ಣೆ ಹಾಕಬಲ್ಲವರು ಕಡಮೆ. ಇದರಿಂದ ನಮಗಾಗುವ ನಷ್ಟವೂ ಅಲ್ಪವೇ. ಸೈಕಲ್ಲು ಕೆಟ್ಟ ದಿನ ನಾವು ನಡೆದು ಹೋಗುತ್ತೇವೆ, ಇಲ್ಲವೆ ಬಸ್ಸು ಹಿಡಿಯುತ್ತೇವೆ. ಆದರೆ ಒರಗಿ ಕುಳಿತು, ಎದುರಿನ ಹಿಡಿಕೆಯನ್ನು ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಯ ಸೈಕಲ್ಲಿನ ಮಾತೇ ಬೇರೆ. ಅದು ಕಾಲಿನಲ್ಲಿ ಬಲವಿಲ್ಲದವರ ವಾಹನ. ಅದರ ಒಂದು ಟ್ಯೂಬಿನ ಗಾಳಿ ಹೋದರೆ ಅವರ ಪಾಲಿಗೆ ಶಾಲೆ, ಅಂಗಡಿ, ಉದ್ಯೋಗ, ಗೆಳೆಯನ ಮನೆ ಎಲ್ಲವೂ ಒಮ್ಮೆಗೇ ದೂರವಾಗುತ್ತವೆ.

ಈ ವಾಹನ ಹುಟ್ಟಿದ್ದೇ ಅಂಥವರೊಬ್ಬರ ಕೈಯಿಂದ. ಜರ್ಮನಿಯ ನ್ಯೂರೆಂಬರ್ಗಿನ ಗಡಿಯಾರಗಾರ ಸ್ಟೀಫನ್ ಫಾರ್‌ಫ್ಲರ್ ಎಂಬಾತನಿಗೆ ಕಾಲುಗಳು ನಡೆಯುತ್ತಿರಲಿಲ್ಲ. ಆತನು 1655ರಲ್ಲಿ, ಕೈಯಿಂದ ತಿರುಗಿಸಿ ತಾನೇ ನಡೆಸಬಹುದಾದ ಮೂರು ಗಾಲಿಯ ಬಂಡಿಯೊಂದನ್ನು ತನಗಾಗಿ ಕಟ್ಟಿಕೊಂಡನು. 1888ರಲ್ಲಿ ಹಕ್ಕುಪತ್ರ ಪಡೆದ ಡನ್‌ಲಪ್ಪನೂ ತನ್ನ ಗಾಳಿಯ ಟೈರನ್ನು ಮೊದಲು ತೊಡಿಸಿದ್ದು ಮಗನ ಮೂರು ಗಾಲಿಯ ಸೈಕಲ್ಲಿಗೆ. ನಮ್ಮ ದೇಶದಲ್ಲಿ ಕೃತಕ ಅಂಗಗಳ ನಿರ್ಮಾಣಕ್ಕಾಗಿ 1972ರಲ್ಲಿ ಕೇಂದ್ರ ಸರ್ಕಾರದ ನಿಗಮವು ಕಾನಪುರದಲ್ಲಿ ಸ್ಥಾಪಿತವಾಯಿತು. 1981ರಿಂದ ಇಂತಹ ಸಾಧನಗಳನ್ನು ಹಂಚುವ ಯೋಜನೆಯೂ ನಡೆದುಬಂದಿದೆ. ಹೀಗೆ ಕೊಡುವ ಏರ್ಪಾಡಿದೆ. ಕೊಟ್ಟುದನ್ನು ಕಾಪಾಡುವ ಹೊಣೆ ಮಾತ್ರ ಮನೆಯವರದು.

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕಾರ್ಖಾನೆಯಿಂದ ಬೆಳೆದ ಊರು. ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರದ ಪೇಟೆ, ರೈಲು ನಿಲ್ದಾಣ. ಕಾಲಿನ ಬಲವಿಲ್ಲದವರಿಗೂ ಆ ಸೇತುವೆಯ ಆಚೆ ಕೆಲಸವುಂಟು. ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಸುತ್ತಣ ಎರೆಭೂಮಿಯ ಜಿಗುಟು ಕೆಸರು. ಇವೆರಡೂ ಗಾಡಿಯ ಚೈನಿಗೆ ಶತ್ರುಗಳು. ದುರಸ್ತಿಗೆಂದು ಗಾಡಿಯನ್ನು ಅಂಗಡಿಯಲ್ಲಿ ಎರಡು ದಿನ ಬಿಟ್ಟರೆ, ಅದರ ಒಡೆಯನನ್ನು ಎರಡು ದಿನ ಮನೆಯಲ್ಲಿ ಕಟ್ಟಿಹಾಕಿದಂತೆ. ಆದುದರಿಂದ ಸಣ್ಣ ಕೆಲಸವನ್ನೆಲ್ಲ ಮನೆಯಲ್ಲಿಯೇ ಕಲಿಯತಕ್ಕದ್ದು. ವಾರಕ್ಕೆ ಅರ್ಧ ಗಂಟೆ ಸಾಕು. ಒಂದು ಪಂಪು, ಎರಡು ಪಾನಾ, ಹೊಲಿಗೆಯಂತ್ರದ ಎಣ್ಣೆ, ಹಳೆಯ ಬಟ್ಟೆ, ಪಂಕ್ಚರಿನ ಸಾಮಾನು, ಹೊಸ ಟ್ಯೂಬೊಂದು: ಇಷ್ಟೇ ಬೇಕಾದ ಬಂಡವಾಳ.

ಮೊದಲು ಗಾಳಿ. ಹೆಬ್ಬೆರಳಿನಿಂದ ಒತ್ತಿ ನೋಡಿ ತೃಪ್ತಿಪಡುವುದು ನಮ್ಮ ರೂಢಿ. ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ. ಹಿಂದಿನ ಎರಡು ಗಾಲಿಗಳಲ್ಲಿ ಗಾಳಿ ಹೆಚ್ಚುಕಡಮೆಯಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಗಾಳಿ ಕಡಮೆಯಾದಷ್ಟೂ ಭಾರ ಬೀಳುವುದು ಸವಾರನ ಭುಜದ ಮೇಲೆ. ಕಾಲಿಗೆ ಬದಲಾಗಿ ದುಡಿಯುವ ಭುಜವೂ ನೋವಿಗೆ ಬಿದ್ದರೆ ಗತಿಯೇನು?

ಎರಡನೆಯದು ಚೈನು. ಅದರ ಕೊಳೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತೆಗೆದು, ಒಣಗಿದ ಮೇಲೆ ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಡಬೇಕು. ಹಿಡಿಕೆಯನ್ನು ಹಲವು ಸುತ್ತು ತಿರುಗಿಸಿ, ಹೊರಗೆ ನಿಂತ ಎಣ್ಣೆಯನ್ನು ಒರಸಿಬಿಡಬೇಕು. ಕೊಂಡಿಯ ಒಳಗಿನ ಎಣ್ಣೆ ಕೆಲಸ ಮಾಡುತ್ತದೆ, ಹೊರಗಿನ ಎಣ್ಣೆ ಧೂಳನ್ನು ಕರೆಯುತ್ತದೆ. ಕೊಬ್ಬರಿ ಎಣ್ಣೆ ಕೂಡದು. ಚಳಿಗೆ ಅದು ಗಟ್ಟಿಯಾಗುತ್ತದೆ. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ ಬರುತ್ತವೆ. ಎಳೆದು ಹಿಡಿದು ಅಳೆದಾಗ ಅಂಗುಲದ ಎಂಟನೆಯ ಒಂದು ಪಾಲು ಹೆಚ್ಚು ಬಂದರೆ ಚೈನು ಸವೆದಿದೆಯೆಂದು ತಿಳಿದು ಬದಲಿಸಬೇಕು. ಇಲ್ಲವಾದರೆ ಅದು ಹಲ್ಲುಗಾಲಿಯನ್ನೂ ತಿಂದುಹಾಕುತ್ತದೆ.

ಮೂರನೆಯದು ಬ್ರೇಕು. ಮೂರು ಗಾಲಿಯ ಗಾಡಿ ನಿಂತಲ್ಲಿ ಬೀಳದೆಂಬುದು ನಿಜ, ಆದರೆ ಉರುಳುತ್ತದೆ. ಮಂಚದಿಂದ ಆಸನಕ್ಕೆ ಜರುಗುವ ಹೊತ್ತಿನಲ್ಲಿ ಅದು ಒಂದು ಗೇಣು ಹಿಂದೆ ಸರಿದರೂ ಸವಾರ ನೆಲಕ್ಕೆ ಬಿದ್ದಾನು. ಆದುದರಿಂದ ಬ್ರೇಕನ್ನು ಬಿಗಿಹಿಡಿದು ಗಾಡಿಯನ್ನು ತಳ್ಳಿನೋಡುವುದು ನಿತ್ಯದ ಕೆಲಸ. ಬ್ರೇಕಿನ ರಬ್ಬರಿನ ಗೀರುಗಳು ಮಾಯವಾಗಿದ್ದರೆ ಹೊಸದು ಹಾಕಿಸತಕ್ಕದ್ದು. ರಿಮ್ಮಿಗೆ ಎಣ್ಣೆ ತಾಗದಂತೆ ಎಚ್ಚರವಹಿಸತಕ್ಕದ್ದು.

ತಿಂಗಳಿಗೊಮ್ಮೆ, ಸವಾರನು ಇಳಿದ ಮೇಲೆ, ಗಾಡಿಯನ್ನು ಇಟ್ಟಿಗೆಗಳ ಮೇಲೆ ಎತ್ತಿ ನಿಲ್ಲಿಸಿ ಗಾಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿರಿ. ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಮೀಟಿರಿ. ಮಂಕಾಗಿ ನುಡಿದದ್ದು ಸಡಿಲವಾದದ್ದು. ಅಚ್ಚಿನ ನಟ್ಟುಗಳು ಬಿಗಿಯಾಗಿವೆಯೆ? ಟೈರು ಒಂದೇ ಪಕ್ಕದಲ್ಲಿ ಸವೆದಿದೆಯೆ? ಹಾಗಾಗಿದ್ದರೆ ಅಚ್ಚು ಬಾಗಿರಬಹುದು. ಅದು ಮನೆಯ ಕೆಲಸವಲ್ಲ. ಬಲ್ಲ ಕಮ್ಮಾರನಿಗೆ ಒಪ್ಪಿಸುವುದೇ ಲೇಸು.

ಕೊನೆಯದು ಆಸನ. ಇದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಸ್ಪರ್ಶಜ್ಞಾನವಿಲ್ಲದ ಶರೀರಕ್ಕೆ ಹರಿದ ರೆಕ್ಸಿನ್ನಿನ ಅಂಚು, ಮೇಲೆದ್ದ ಮೊಳೆ, ಮುದುಡಿದ ಬಟ್ಟೆ ಇವುಗಳ ನೋವು ತಿಳಿಯದು; ಹುಣ್ಣಾಗಿ, ಅದು ಆಳಕ್ಕಿಳಿದ ಮೇಲೆಯೇ ಗೊತ್ತಾಗುವುದು. ಅಂಥ ಹುಣ್ಣು ತಿಂಗಳುಗಟ್ಟಲೆ ಮಲಗಿಸಬಲ್ಲದು, ಪ್ರಾಣಕ್ಕೂ ಎರವಾಗಬಲ್ಲದು. ಆದುದರಿಂದ ಆಸನವನ್ನು ದಿನಕ್ಕೊಮ್ಮೆ ಅಂಗೈಯಿಂದ ಸವರಿ ನೋಡುವುದು ಚೈನಿಗೆ ಎಣ್ಣೆ ಹಾಕುವುದಕ್ಕಿಂತ ಮುಖ್ಯವಾದ ಕೆಲಸ.

ಇಷ್ಟೆಲ್ಲ ಮಾಡುವಾಗ ಒಂದನ್ನು ಮರೆಯಲಾಗದು. ಗಾಡಿಯ ಕೆಳಭಾಗ ಸವಾರನ ಕಣ್ಣಿಗೆ ಕಾಣದಿರಬಹುದು. ಆದರೆ ಅದರ ಹೊಸ ಸದ್ದು ಮೊದಲು ಕೇಳುವುದು ಅವನ ಕಿವಿಗೆ, ಅದರ ಬಿಗಿತ ಮೊದಲು ತಿಳಿಯುವುದು ಅವನ ತೋಳಿಗೆ. ಅವನನ್ನು ಕೇಳದೆ ಅವನ ಗಾಡಿಯನ್ನು ಬಿಚ್ಚುವುದು ಉಪಕಾರವಲ್ಲ. ಅವನ ಕೈ ಎಟಕುವಷ್ಟನ್ನು ಅವನೇ ಮಾಡಲಿ, ಉಳಿದುದನ್ನು ಅವನು ಹೇಳಿದಂತೆ ನಾವು ಮಾಡೋಣ. ಗಾಡಿ ದಾನವಾಗಿ ಬಂದಿರಬಹುದು. ಅದು ನಡೆಯುತ್ತಿರುವವರೆಗೆ ಯಾರ ದಾಕ್ಷಿಣ್ಯಕ್ಕೂ ಕಾಯದೆ ಹೊರಗೆ ಹೋಗಿಬರುವ ಸ್ವಾತಂತ್ರ್ಯ ಅವನದಾಗಿರುತ್ತದೆ.