ವೆಬ್‌ವ್ಯಾನ್ ಮುಳುಗಿದ್ದೇಕೆ?

2000ದ ಮಾರ್ಚ್ 10ರಂದು ಅಮೆರಿಕದ ನಾಸ್‌ಡಾಕ್ ಸೂಚ್ಯಂಕ 5048ಕ್ಕೆ ಏರಿತ್ತು. 2002ರ ಅಕ್ಟೋಬರ್ 9ರ ಹೊತ್ತಿಗೆ 1114ಕ್ಕೆ ಕುಸಿದಿತ್ತು. ಆ ನಡುವೆ ನೂರಾರು ಡಾಟ್‌ಕಾಮ್ ಕಂಪನಿಗಳು ಬಾಗಿಲು ಹಾಕಿದವು. ಜನ ಇನ್ನೂ ಇಂಟರ್ನೆಟ್ಟಿಗೆ ಒಗ್ಗಿರಲಿಲ್ಲ, ಹಾಗಾಗಿ ಅವು ಉಳಿಯಲಿಲ್ಲ ಎಂದು ಹೇಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಅವುಗಳಲ್ಲಿ ಬಹಳಷ್ಟನ್ನು ಕೆಡಿಸಿದ್ದು ಬೇಡಿದಷ್ಟು ಸಿಕ್ಕ ಬಂಡವಾಳ.

1995ರ ಆಗಸ್ಟ್‌ನಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ 28 ಡಾಲರ್ ಷೇರು ಮೊದಲ ದಿನವೇ 58 ದಾಟಿತು. ಲಾಭ ಕಾಣದ ಕಂಪನಿಗೂ ಹಣ ಹರಿಯುತ್ತದೆ ಎಂಬುದು ಅಂದೇ ಎಲ್ಲರಿಗೂ ತಿಳಿಯಿತು. ಮನೆಬಾಗಿಲಿಗೆ ದಿನಸಿ ತಲುಪಿಸುವ ವೆಬ್‌ವ್ಯಾನ್ 1999ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ವ್ಯಾಪಾರ ಶುರುಮಾಡಿತು. ಮರುತಿಂಗಳೇ ದೇಶದ ಉದ್ದಗಲಕ್ಕೂ ಯಾಂತ್ರೀಕೃತ ಗೋದಾಮು ಕಟ್ಟಲು ಬೆಕ್ಟೆಲ್ ಎಂಬ ನಿರ್ಮಾಣ ಕಂಪನಿಯೊಂದಿಗೆ 100 ಕೋಟಿ ಡಾಲರ್‌ನ ಒಪ್ಪಂದ! ನವೆಂಬರ್‌ನಲ್ಲಿ ಷೇರು ಮಾರಿ 37.5 ಕೋಟಿ ಡಾಲರ್ ಎತ್ತಿತು. ಓಕ್‌ಲ್ಯಾಂಡ್‌ನ ಮೊದಲ ಗೋದಾಮಿಗೇ ಸಾಕಷ್ಟು ಆರ್ಡರ್ ಬರುತ್ತಿರಲಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದಿದ್ದರೆ ಅದೊಂದು ಊರಿನ ಲೆಕ್ಕ ಸರಿಹೋಗುವತನಕ ಕಾಯಲೇಬೇಕಿತ್ತು. ಹಣವಿತ್ತು, ಕಾಯಲಿಲ್ಲ. 2001ರ ಜುಲೈನಲ್ಲಿ ಕಂಪನಿ ದಿವಾಳಿಯೆದ್ದಾಗ ಸುಮಾರು 2000 ಮಂದಿ ಕೆಲಸ ಕಳೆದುಕೊಂಡರು.

ಕಾಲವೇ ಪಕ್ವವಾಗಿರಲಿಲ್ಲ ಎನ್ನುವವರು ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಸರಣಿ ಟೆಸ್ಕೊವನ್ನು ನೋಡಬೇಕು. ಅದೇ ವರ್ಷಗಳಲ್ಲಿ, ಅದೇ ನಿಧಾನದ ಇಂಟರ್ನೆಟ್ಟಿನಲ್ಲಿ ಅದೂ ದಿನಸಿ ಮಾರಿತು. ಹೊಸ ಗೋದಾಮು ಕಟ್ಟದೆ, ತನ್ನ ಅಂಗಡಿಗಳ ಕಪಾಟಿನಿಂದಲೇ ಸಾಮಾನು ಆರಿಸಿ ವ್ಯಾನಿಗೆ ತುಂಬಿಸಿತು. ವ್ಯಾಪಾರ ಉಳಿಯಿತು, ಬೆಳೆಯಿತು. ಅಮೆಜಾನ್ ನಷ್ಟದಲ್ಲೇ ಬೆಳೆಯಲಿಲ್ಲವೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಕುಸಿತಕ್ಕೆ ತಿಂಗಳ ಮುಂಚೆ ಅದು ಯುರೋಪಿನಲ್ಲಿ 69 ಕೋಟಿ ಯೂರೊ ಸಾಲ ಎತ್ತಿತ್ತು, ಅದೃಷ್ಟವೂ ಜೊತೆಗಿತ್ತು ಎನ್ನೋಣ. ಆದರೆ ಹೊಸ ಹಣದ ದಾರಿ ಕಿರಿದಾದಾಗ 2001ರ ಜನವರಿಯಲ್ಲಿ 1300 ಮಂದಿಯನ್ನು ಕೆಲಸದಿಂದ ತೆಗೆದು, ಗೋದಾಮು ಮುಚ್ಚಿ, ವರ್ಷದ ಕೊನೆಯ ಮೂರು ತಿಂಗಳಲ್ಲಿ 50 ಲಕ್ಷ ಡಾಲರ್ ಲಾಭ ತೋರಿಸಿತು. ಆ ಲಾಭ ಬಂದದ್ದು ಕೈ ಬಿಗಿಯಾದ ಮೇಲೆ. ಆ ಉಬ್ಬರದ ಹಣದಿಂದಲೇ ಆಪ್ಟಿಕಲ್ ಫೈಬರ್ ಜಾಲ ಹಬ್ಬಿತು ಎಂಬ ಮಾತೂ ನಿಜ. ಆದರೆ ಅದರ ಫಲ ಉಂಡವರು ನಂತರ ಬಂದವರು. ದುಡ್ಡು ಹೋದದ್ದು ತುತ್ತತುದಿಯ ಬೆಲೆಗೆ ಷೇರು ಕೊಂಡ ಸಣ್ಣ ಉಳಿತಾಯಗಾರರದು.

ಇಂಥ ಎಚ್ಚರ ನಮ್ಮಲ್ಲೂ ಕಂಡಿತು: ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ಫ್ಯಾಬ್‌ಮಾರ್ಟ್ ಆನ್‌ಲೈನ್ ವ್ಯಾಪಾರವೊಂದನ್ನೇ ನೆಚ್ಚಿ ಕೂರದೆ ಬೀದಿಯಲ್ಲಿ ದಿನಸಿ ಅಂಗಡಿಗಳನ್ನೂ ತೆರೆಯಿತು. ಅದನ್ನು ಕಟ್ಟಿದವರೇ 2011ರಲ್ಲಿ ಆನ್‌ಲೈನ್ ದಿನಸಿ ಕಂಪನಿ ಬಿಗ್‌ಬಾಸ್ಕೆಟ್ ಆರಂಭಿಸಿದರು.