ಭಯಕ್ಕೂ ಒಂದು ಪರೀಕ್ಷೆ ಬೇಕು
(ಕೋಗಿಲಿನಲ್ಲಿ ಯುವಕ-ಯುವತಿಯರ ಸಭೆಯಲ್ಲಿ ಆಪ್ತಸಮಾಲೋಚಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ ಎಚ್.ಐ.ವಿ. ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ, ಕೆಲವರು ತಲೆ ತಗ್ಗಿಸಿದಿರಿ. ಪರವಾಗಿಲ್ಲ. ನಗುವವರಿಗೂ, ತಲೆ ತಗ್ಗಿಸುವವರಿಗೂ ಒಳಗೆ ಇರುವುದು ಒಂದೇ ಪ್ರಶ್ನೆ. ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ ಒಬ್ಬ ಹುಡುಗನ ಕಥೆಯಿಂದಲೇ ಶುರು ಮಾಡುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕೋಗಿಲು, ಯಲಹಂಕ, ಬಳ್ಳಾರಿ ರಸ್ತೆಯ ಉದ್ದಕ್ಕೂ ಎಷ್ಟು ಕಟ್ಟಡಗಳು ಎದ್ದವು ಅಂತ ನೀವೇ ನೋಡಿದ್ದೀರಿ. ಅಲ್ಲಿ ಕೆಲಸಕ್ಕೆ ಅಂತ ದೂರದ ಜಿಲ್ಲೆಗಳಿಂದ ಹುಡುಗರು ಬರುತ್ತಾರೆ. ಈ ಹುಡುಗನೂ ಹಾಗೆ ರಾಯಚೂರು ಕಡೆಯಿಂದ ಟೈಲ್ಸ್ ಕೆಲಸಕ್ಕೆ ಬಂದವನು. ನಾಲ್ಕು ಜನ ಸೇರಿ ಒಂದು ರೂಮು. ಊರಿನಲ್ಲಿ ಮದುವೆ ಗೊತ್ತಾಗಿತ್ತು.

ನನ್ನ ಮುಂದೆ ಕುಳಿತು ಅರ್ಧ ಗಂಟೆ ಮಾತೇ ಆಡಲಿಲ್ಲ. ಆಮೇಲೆ, "ಅಕ್ಕಾ, ನನಗ ಏಡ್ಸ್ ಬಂದದ ಅನಸ್ತದ. ಮದುವಿ ಬ್ಯಾಡ ಅಂತ ಮನ್ಯಾಗ ಹೆಂಗ ಹೇಳ್ಲಿ?" ಅಂದ.

ಏನಾಯಿತಪ್ಪಾ ಅಂತ ಕೇಳಿದೆ. ಪರಿಚಯದ ಒಬ್ಬ ಹೆಂಗಸಿನ ಜೊತೆ ಒಂದು ಸಂಜೆ ಅಪ್ಪಿಕೊಂಡಿದ್ದ, ಮುತ್ತು ಕೊಟ್ಟಿದ್ದ, ಇಬ್ಬರೂ ಕೈಯಿಂದ ಮುಟ್ಟಿಕೊಂಡಿದ್ದರು. ಅಷ್ಟೇ. ಸಂಭೋಗ ನಡೆದಿರಲಿಲ್ಲ. ಮೂರು ವಾರದ ನಂತರ ಜ್ವರ, ಗಂಟಲು ನೋವು ಬಂತು. ಅಲ್ಲಿಂದ ಅವನ ನಿದ್ದೆ ಹೋಯಿತು. ತಟ್ಟೆ-ಲೋಟ ಬೇರೆ ಮಾಡಿಕೊಂಡ. ಊರಿಗೆ ಹೋದಾಗ ಅಕ್ಕನ ಮಗುವನ್ನು ಎತ್ತಿಕೊಳ್ಳಲಿಲ್ಲ. ಬೇರೆ ಬೇರೆ ಲ್ಯಾಬಿನಲ್ಲಿ ನಾಲ್ಕು ಸಲ ರಕ್ತ ಕೊಟ್ಟಿದ್ದ. ನಾಲ್ಕು ಸಲವೂ ನೆಗೆಟಿವ್. ಆದರೂ ನಂಬಿಕೆ ಇಲ್ಲ. ಕೊನೆಗೆ ಪದವಿ ಇಲ್ಲದ ಒಬ್ಬ 'ಡಾಕ್ಟರ' ರಕ್ತ ಶುದ್ಧಿ ಮಾಡುತ್ತೇನೆ ಅಂತ ಹತ್ತು ಇಂಜೆಕ್ಷನ್ ಚುಚ್ಚಿ ಎರಡು ತಿಂಗಳ ಕೂಲಿ ಕಿತ್ತುಕೊಂಡಿದ್ದ.

ಈಗ ಸತ್ಯಾಂಶ ಏನು ಅಂತ ನೋಡೋಣ.

ಎಚ್.ಐ.ವಿ. ವೈರಾಣು ಇರುವುದು ಸೋಂಕು ತಗುಲಿದವರ ರಕ್ತ, ವೀರ್ಯ, ವೀರ್ಯಕ್ಕೆ ಮುಂಚೆ ಬರುವ ದ್ರವ, ಯೋನಿದ್ರವ, ಗುದದ್ವಾರದ ಒಳಗಿನ ದ್ರವ ಮತ್ತು ಎದೆಹಾಲಿನಲ್ಲಿ. ಇವು ಇನ್ನೊಬ್ಬರ ದೇಹದೊಳಕ್ಕೆ ಸೇರಬೇಕು. ಕಾಂಡೋಮ್ ಇಲ್ಲದ ಯೋನಿ ಅಥವಾ ಗುದ ಸಂಭೋಗ, ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ, ಪರೀಕ್ಷಿಸದ ರಕ್ತ, ಸೋಂಕಿತ ತಾಯಿಯಿಂದ ಮಗುವಿಗೆ - ಮುಖ್ಯ ದಾರಿಗಳು ಇವೇ. ಬಾಯಿಯ ಮೂಲಕದ ಲೈಂಗಿಕ ಕ್ರಿಯೆಯಲ್ಲಿ ಅಪಾಯ ಬಹಳ ಕಡಿಮೆ, ಆದರೆ ಪೂರ್ತಿ ಸೊನ್ನೆ ಅನ್ನುವಂತಿಲ್ಲ.

ಎಂಜಲು, ಬೆವರು, ಕಣ್ಣೀರಿನಿಂದ ಇದು ಹರಡುವುದಿಲ್ಲ. ಅಪ್ಪುಗೆ, ಬಟ್ಟೆಯ ಮೇಲಿನ ಸ್ಪರ್ಶ, ಕೈಯಿಂದ ಮುಟ್ಟುವುದು, ಮೈಗೆ ಮೈ ತಾಗುವುದು - ಇವುಗಳಿಂದ ಎಚ್.ಐ.ವಿ. ಬರುವುದಿಲ್ಲ. ಒಡೆಯದ ಚರ್ಮವೇ ಒಂದು ಗೋಡೆ. ದೇಹದಿಂದ ಹೊರಬಿದ್ದ ವೈರಾಣು ಬೇಗ ಶಕ್ತಿ ಕಳೆದುಕೊಳ್ಳುತ್ತದೆ.

ಹಾಗಂತ ಮೈಗೆ ಮೈ ತಾಗಿದರೆ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬಟ್ಟೆಯಿಲ್ಲದೆ ಜನನಾಂಗಗಳು ತಾಗಿದರೆ ಹರ್ಪಿಸ್, ಸಿಫಿಲಿಸ್, ನರೂಲಿಯಂಥ ಗಂಟುಗಳು ಬರಬಹುದು. ಹುಣ್ಣು, ಗುಳ್ಳೆ, ಸ್ರಾವ ಕಂಡರೆ ನಾಚಿಕೆಪಡದೆ ವೈದ್ಯರಿಗೆ ತೋರಿಸಿ.

ಹಾಗಾದರೆ ಆ ಜ್ವರ? ನೋಡಿ, ಜ್ವರ, ಗಂಟಲು ನೋವು ಎಲ್ಲರಿಗೂ ಬರುತ್ತವೆ. ಲಕ್ಷಣ ನೋಡಿ ಎಚ್.ಐ.ವಿ. ಹೇಳಲು ಯಾರಿಂದಲೂ ಆಗುವುದಿಲ್ಲ. ಭಯಕ್ಕೂ ಲಕ್ಷಣಗಳಿವೆ: ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಕೆಡುತ್ತದೆ, ರಾತ್ರಿ ಬೆವರುತ್ತದೆ, ಊಟ ಸೇರದೆ ತೂಕ ಇಳಿಯುತ್ತದೆ. ತೂಕ ಇಳಿದದ್ದು ನೋಡಿ ಭಯ ಇನ್ನೂ ಏರುತ್ತದೆ. ಈ ಹುಡುಗ ದಿನಕ್ಕೆ ಹತ್ತು ಸಲ ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡುತ್ತಿದ್ದ.

ನಾನು ಅವನಿಗೆ ಹೇಳಿದೆ: "ತಮ್ಮಾ, ಆ ಸಂಜೆಯ ಕಾರಣಕ್ಕೆ ನಿನಗೆ ಪರೀಕ್ಷೆಯೇ ಬೇಕಿರಲಿಲ್ಲ. ಆದರೆ ಈಗ ಒಂದು ಪರೀಕ್ಷೆ ಬೇಕು. ಆ ಹತ್ತು ಇಂಜೆಕ್ಷನ್ನಿನ ಕಾರಣಕ್ಕೆ." ಸೂಜಿ ಹೊಸದಾಗಿತ್ತೋ ಇಲ್ಲವೋ ಅವನು ನೋಡಿರಲಿಲ್ಲ. ಇಲ್ಲದ ಅಪಾಯಕ್ಕೆ ಹೆದರಿ ನಿಜವಾದ ಅಪಾಯದ ಬಾಗಿಲಿಗೆ ತಾನೇ ಹಣ ಕೊಟ್ಟು ಹೋಗಿದ್ದ. ಇವತ್ತು ನಾನು ಹೇಳಬೇಕೆಂದು ಬಂದ ಮಾತು ಇದೇ. ಮುಚ್ಚಿಟ್ಟ ಭಯ ರೋಗಕ್ಕಿಂತ ಮುಂಚೆ ನಮ್ಮನ್ನು ಹಾಳುಮಾಡುತ್ತದೆ.

ಪರೀಕ್ಷೆಗೂ ಒಂದು ಸಮಯ ಇದೆ. ಸೋಂಕು ತಗುಲಿದ ತಕ್ಷಣ ಅದು ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆ ನಡುವಿನ ಕಾಲವನ್ನು ಗವಾಕ್ಷಿ ಅವಧಿ, ವಿಂಡೋ ಪೀರಿಯಡ್ ಅನ್ನುತ್ತಾರೆ. ಬೆರಳು ಚುಚ್ಚಿ ಮಾಡುವ ಸಾಮಾನ್ಯ ರ‍್ಯಾಪಿಡ್ ಪರೀಕ್ಷೆ 90 ದಿನಗಳ ನಂತರ ನೆಗೆಟಿವ್ ಬಂದರೆ ಅದು ಖಚಿತ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ಹೊಸ ತಲೆಮಾರಿನ ಪರೀಕ್ಷೆಗೆ 45 ದಿನ ಸಾಕು. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಮೊದಲು ಸಮಾಲೋಚನೆ, ಆಮೇಲೆ ಪರೀಕ್ಷೆ. ಪಾಸಿಟಿವ್ ಅಂತ ಹೇಳಬೇಕಾದರೆ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿಯೇ ಹೇಳುತ್ತಾರೆ. 2017ರಲ್ಲಿ ಬಂದು 2018ರ ಸೆಪ್ಟೆಂಬರಿನಿಂದ ಜಾರಿಯಾದ ಎಚ್.ಐ.ವಿ. ಕಾಯಿದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಊರಿಗೆಲ್ಲ ಹೇಳುವಂತಿಲ್ಲ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ನೆನಪಿಡಿ. ಕಾಂಡೋಮ್ ಇಲ್ಲದ ಸಂಭೋಗ, ಬಲಾತ್ಕಾರ, ಬಳಸಿದ ಸೂಜಿ - ಇಂಥ ನಿಜವಾದ ಅಪಾಯ ಆಗಿದ್ದರೆ ಕಾಯುತ್ತಾ ಕೂರಬೇಡಿ. 72 ಗಂಟೆಯೊಳಗೆ, ಆದಷ್ಟೂ ಮೊದಲ ಗಂಟೆಗಳಲ್ಲೇ, ದೊಡ್ಡ ಆಸ್ಪತ್ರೆಗೆ ಹೋಗಿ. ವೈದ್ಯರು ಅಪಾಯ ಅಳೆದು 28 ದಿನದ ತಡೆ ಔಷಧಿ ಕೊಡುತ್ತಾರೆ. ಅದರ ಹೆಸರು ಪಿ.ಇ.ಪಿ.

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸೋಲೊಮನ್ ಅವರ ತಂಡದಿಂದ. ಆಗ ಔಷಧಿ ಇರಲಿಲ್ಲ, ಬರೀ ಹೆದರಿಕೆ ಇತ್ತು. ಸಿನಿಮಾ ಥಿಯೇಟರಿನ ಸೀಟಿನಲ್ಲಿ ಸೂಜಿ ಇಟ್ಟಿರುತ್ತಾರೆ ಅನ್ನುವ ಗಾಳಿಸುದ್ದಿ ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 2004ರ ಏಪ್ರಿಲ್‌ನಿಂದ ಸರ್ಕಾರ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. 2017ರಿಂದ ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ. ದಿನವೂ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಇನ್ನೊಬ್ಬರಿಗೆ ಸೋಂಕು ಹೋಗುವುದಿಲ್ಲ. ಸೋಂಕಿರುವವರು ದುಡಿಯುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಬೆಳೆಸುತ್ತಾರೆ. ಆ ಹುಡುಗ ತನ್ನ ತಟ್ಟೆ ಬೇರೆ ಮಾಡಿಕೊಂಡಿದ್ದ. ನಾವು ಇನ್ನೊಬ್ಬರ ತಟ್ಟೆ ಬೇರೆ ಮಾಡಿಲ್ಲವೇ? ಒಂದು ಕ್ಷಣ ಯೋಚಿಸಿ.

ಆ ಹುಡುಗ ಕೊನೆಯ ಇಂಜೆಕ್ಷನ್ ಆಗಿ ಮೂರು ತಿಂಗಳು ಕಳೆದ ಮೇಲೆ ಪರೀಕ್ಷೆ ಮಾಡಿಸಿದ. ಎಚ್.ಐ.ವಿ. ನೆಗೆಟಿವ್. ಕಾಮಾಲೆಯ ಬಿ, ಸಿ ವೈರಾಣುಗಳೂ ಇರಲಿಲ್ಲ. ಆದರೂ ಚೀಟಿ ಕೈಯಲ್ಲಿ ಹಿಡಿದು, "ಇನ್ನೊಂದು ಸಲ ಮಾಡಿಸ್ಲೇನ್ರೀ ಅಕ್ಕಾ?" ಅಂದ.

ಬೇಡ ಅಂದೆ. "ನಿನಗೆ ಆ ಸಂಜೆ ನಡೆದದ್ದು ತಪ್ಪು ಅನ್ನಿಸಿದೆ. ಆ ತಪ್ಪಿಗೆ ಶಿಕ್ಷೆ ಬರಲೇಬೇಕು ಅಂತ ನೀನೇ ಕಾಯುತ್ತಿದ್ದೀಯ. ವೈರಾಣುವಿಗೆ ಪಾಪ-ಪುಣ್ಯ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ದಾರಿ ಮಾತ್ರ. ಮನಸ್ಸು ಚುಚ್ಚಿದರೆ ನೀನು ನಂಬುವವರ ಹತ್ತಿರ ಹೇಳಿಕೊ, ದೇವರ ಮುಂದೆ ಅಳು. ಆದರೆ ಪಶ್ಚಾತ್ತಾಪದ ಉತ್ತರವನ್ನು ರಕ್ತದ ಚೀಟಿಯಲ್ಲಿ ಹುಡುಕಬೇಡ."

ಅವನು ಅತ್ತ. ಆಮೇಲೂ ಭಯ ಒಂದೇ ದಿನದಲ್ಲಿ ಹೋಗಲಿಲ್ಲ. ಮನೋವೈದ್ಯರನ್ನು ಕಂಡ, ಕೆಲವು ತಿಂಗಳು ಚಿಕಿತ್ಸೆ ತೆಗೆದುಕೊಂಡ. ನೆಗೆಟಿವ್ ಬಂದ ಮೇಲೂ ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕು ಅನ್ನಿಸಿದರೆ ಅದು ಮನಸ್ಸಿನ ಬೇನೆ, ಅದಕ್ಕೂ ಮದ್ದಿದೆ. ಹುಚ್ಚು ಅಂತ ತಿಳಿಯಬೇಡಿ.

ಎರಡು ನಂಬರ್ ಬರೆದುಕೊಳ್ಳಿ. ಎಚ್.ಐ.ವಿ. ಬಗ್ಗೆ ಏನೇ ಕೇಳಬೇಕಾದರೂ 1097. ಹತ್ತಿರದ ಪರೀಕ್ಷಾ ಕೇಂದ್ರ ಎಲ್ಲಿದೆ ಅಂತಲೂ ಅವರನ್ನೇ ಕೇಳಬಹುದು. ಮನಸ್ಸು ತಡೆಯದಾದರೆ 14416, ಇದು ಟೆಲಿ ಮಾನಸ್. ಎರಡೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ತಂದೆ-ತಾಯಂದಿರಿಗೆ ಒಂದು ವಿನಂತಿ. ಮಕ್ಕಳು ಇಂಥ ಪ್ರಶ್ನೆ ತಂದರೆ ಮೊದಲು ಬೈಯಬೇಡಿ, ಮೊದಲು ಕೇಳಿಸಿಕೊಳ್ಳಿ. ನೀವು ಬಾಗಿಲು ಹಾಕಿಕೊಂಡರೆ ಆ ಇಂಜೆಕ್ಷನ್ನಿನವನ ಬಾಗಿಲು ತೆರೆದೇ ಇರುತ್ತದೆ.

ಹುಡುಗನ ಮದುವೆ ಆಯಿತು. ಮದುವೆಗೆ ಮುಂಚೆ ಊರಿಗೆ ಹೋಗಿದ್ದವನು ನನಗೆ ಫೋನ್ ಮಾಡಿದ್ದ. ಹಿಂದೆ ಮಗುವಿನ ಗಲಾಟೆ ಕೇಳುತ್ತಿತ್ತು. ಯಾರಪ್ಪಾ ಅದು ಅಂದೆ. "ಅಕ್ಕನ ಮಗಳು ರೀ. ಹೆಗಲ ಮ್ಯಾಲ ಕುಂತಾಳ, ಇಳಿಯಂಗಿಲ್ಲ ಅಂತಾಳ" ಅಂದ.

ಪ್ರಶ್ನೆ ಇದ್ದವರು ಕೇಳಿ. ಎಲ್ಲರ ಮುಂದೆ ಆಗದಿದ್ದರೆ ಸಭೆ ಮುಗಿದ ಮೇಲೆ ಬನ್ನಿ, ನಾನು ಇಲ್ಲೇ ಇರುತ್ತೇನೆ.