ಮುಗಿದ ಕಥೆಯ ಮುಂದಿನ ಮಾತು
(ಸಂಘದ ವಾಚನಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಪಂಪನನ್ನೋ ಬಸವಣ್ಣನವರನ್ನೋ ಕುರಿತು ಮಾತನಾಡುವುದು ವಾಡಿಕೆ. ಅದನ್ನು ಬಿಟ್ಟು ಅಮೆರಿಕದ ಲೇಖಕಿಯೊಬ್ಬರು ಬರೆದ ಮಾಂತ್ರಿಕರ ಕಥೆಯನ್ನು ನಾನು ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣ ಹೇಳುವುದು ನ್ಯಾಯ. ಹೊರನಾಡಿನ ನಮ್ಮ ಮನೆಗಳಲ್ಲಿ ಮಕ್ಕಳ ಕೈಯಲ್ಲಿರುವುದು ಹೆಚ್ಚಾಗಿ ಇಂಗ್ಲಿಷಿನ ಇಂಥ ಅದ್ಭುತ ಕಥೆಗಳೇ. ಅವುಗಳ ವಿಷಯವಾಗಿ ಅವರು ತಮ್ಮತಮ್ಮಲ್ಲಿ ಮಾಡುವ ಜಗಳಗಳನ್ನು ಹಿರಿಯರಾದ ನಾವು ಹುಡುಗಾಟವೆಂದು ತಳ್ಳಿಹಾಕುತ್ತೇವೆ. ಆದರೆ ಆ ಜಗಳಗಳಲ್ಲಿ ಒಂದು ಹುಡುಗಾಟದ್ದಲ್ಲ. ಮುಗಿದುಹೋದ ಕಥೆಯನ್ನು ಬರೆದವರೇ ಮತ್ತೆ ತೆರೆಯಬಹುದೇ? ತೆರೆದು, ಓದುಗರು ಪ್ರೀತಿಸಿದ್ದನ್ನು ಕದಲಿಸಬಹುದೇ? ಇದು ಸಾಹಿತ್ಯದ ಬಲು ಹಳೆಯ ಪ್ರಶ್ನೆ. ನಮ್ಮಲ್ಲಿಯೂ ಎದ್ದಿರುವ ಪ್ರಶ್ನೆ. 2007ರಲ್ಲಿ ಮುಗಿದ ಹ್ಯಾರಿ ಪಾಟರ್ ಕಾದಂಬರಿಮಾಲೆಗೆ 2016ರಲ್ಲಿ ನಾಟಕರೂಪದ ಮುಂದುವರಿಕೆ ಬಂದಾಗ ಓದುಗರು ಎರಡು ಪಕ್ಷವಾದದ್ದನ್ನು ಇಲ್ಲಿರುವ ಕಿರಿಯರು ಬಲ್ಲರು. ಅದಕ್ಕಿಂತ ಆಳವಾದ ಒಂದು ಉದಾಹರಣೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಅದು ಅರ್ಸುಲಾ ಲೆ ಗ್ವಿನ್ ಅವರ 'ಅರ್ಥ್‌ಸೀ' ಕಥಾಮಾಲೆ.

ಲೆ ಗ್ವಿನ್ ಅವರು 1929ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಹುಟ್ಟಿದವರು, 2018ರಲ್ಲಿ ತೀರಿಕೊಂಡರು. ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ಮಗಳಿಗೆ ಒಂದು ಜನಾಂಗವನ್ನು, ಅದರ ನಂಬಿಕೆ ನಡೆನುಡಿಗಳೊಡನೆ ಕಲ್ಪಿಸಿ ನಿಲ್ಲಿಸುವ ಶಕ್ತಿ ಮನೆಯ ಬಳುವಳಿಯಾಗಿ ಬಂದಿತ್ತೆಂದರೆ ತಪ್ಪಾಗಲಾರದು. ಅರ್ಥ್‌ಸೀ ಎಂಬುದು ಅವರು ಕಲ್ಪಿಸಿದ ಒಂದು ದ್ವೀಪಸಮೂಹ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಪ್ರತಿಯೊಬ್ಬ ಮನುಷ್ಯನಿಗೂ ಒಂದು ನಿಜನಾಮವುಂಟು. ಅದನ್ನು ಅರಿತವನಿಗೆ ಅದರ ಮೇಲೆ ಅಧಿಕಾರವುಂಟು. ನಾಮಕ್ಕೆ ಮಹಿಮೆಯುಂಟೆಂದು ದಾಸರ ಪದಗಳಿಂದ ಕೇಳಿ ಬೆಳೆದ ನಮಗೆ ಈ ಕಲ್ಪನೆ ತೀರ ಪರಕೀಯವೆನಿಸಲಾರದು.

ಮೊದಲ ಕಾದಂಬರಿ 1968ರಲ್ಲಿ, ಎರಡನೆಯದು 1971ರಲ್ಲಿ, ಮೂರನೆಯದು 1972ರಲ್ಲಿ ಪ್ರಕಟವಾದುವು. ಮೊದಲನೆಯದರಲ್ಲಿ ಗಾಂಟ್ ದ್ವೀಪದ ಆಡು ಕಾಯುವ ಹುಡುಗನಾದ ಗೆಡ್, ರೋಕ್ ದ್ವೀಪದ ಮಾಂತ್ರಿಕರ ಗುರುಕುಲವನ್ನು ಸೇರಿ, ಗರ್ವದಿಂದ ಸತ್ತವರನ್ನು ಕರೆಯಹೋಗಿ, ಒಂದು ಕರಿನೆರಳನ್ನು ಲೋಕಕ್ಕೆ ಬಿಡುತ್ತಾನೆ. ಕೊನೆಗೆ ಅದನ್ನು ತನ್ನದೇ ಹೆಸರಿನಿಂದ ಕರೆದು ಗೆಲ್ಲುತ್ತಾನೆ. ಎರಡನೆಯದು ಟೆನಾರ್ ಎಂಬ ಹುಡುಗಿಯ ಕಥೆ. ಐದು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿಗಳಿಂದ ಅವಳನ್ನು ಅಗಲಿಸಿ, ಹೆಸರನ್ನೂ ಕಿತ್ತುಕೊಂಡು, ಹೆಸರಿಲ್ಲದ ಕತ್ತಲೆಯ ದೇವತೆಗಳ ಪೂಜಾರಿಣಿಯನ್ನಾಗಿ ಮಾಡಿರುತ್ತಾರೆ. ಗೆಡ್ ಅವಳಿಗೆ ಅವಳ ಹೆಸರನ್ನು ಮರಳಿ ಕೊಡುತ್ತಾನೆ. ಅವಳು ಅವನ ಪ್ರಾಣವನ್ನು ಉಳಿಸುತ್ತಾಳೆ. ಮೂರನೆಯದರಲ್ಲಿ ಮಹಾಮಾಂತ್ರಿಕನಾದ ಗೆಡ್ ಅರೆನ್ ಎಂಬ ರಾಜಕುಮಾರನೊಡನೆ ಸತ್ತವರ ನಾಡಿಗೆ ನಡೆದು, ಸಾವು ಬದುಕುಗಳ ನಡುವೆ ಬಿದ್ದ ಬಿರುಕನ್ನು ಮುಚ್ಚುತ್ತಾನೆ. ಮುಚ್ಚುವುದರಲ್ಲಿ ಅವನ ಶಕ್ತಿಯೆಲ್ಲ ವ್ಯಯವಾಗುತ್ತದೆ. ಕಲೆಸ್ಸಿನ್ ಎಂಬ ವೃದ್ಧ ಡ್ರ್ಯಾಗನ್ ಅವನನ್ನು ಬೆನ್ನ ಮೇಲೆ ಹೊತ್ತು ಹುಟ್ಟೂರಿನ ಕಡೆಗೆ ಹಾರುತ್ತದೆ. ಅಲ್ಲಿಗೆ ಮಂಗಳ.

ಮೂರನೆಯ ಪುಸ್ತಕಕ್ಕೆ 1973ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಹುಡುಗರಾಗಿ ಓದಿದವರು ದೊಡ್ಡವರಾಗಿ ತಮ್ಮ ಮಕ್ಕಳ ಕೈಗೆ ಅವನ್ನು ಕೊಟ್ಟರು. ಅವರ ಪಾಲಿಗೆ ಕಥೆ ಪೂರ್ಣವಾಗಿತ್ತು. ಗೆಡ್ಡನ ಕೊನೆಯ ವಿಷಯದಲ್ಲಿ ಲೇಖಕಿಯೇ ಎರಡು ಐತಿಹ್ಯಗಳನ್ನು ಕೊಟ್ಟಿದ್ದರು: ದೋಣಿಯೇರಿ ಒಬ್ಬನೇ ಪಡುಗಡಲಿಗೆ ಹೊರಟುಹೋದನೆಂದು ಒಂದು, ಬೆಟ್ಟದ ಕಾಡಿನಲ್ಲಿ ಮೌನವಾಗಿ ಮರೆಯಾದನೆಂದು ಇನ್ನೊಂದು. ಓದುಗನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದಾಗಿತ್ತು.

ಹೀಗಿರಲು 1990ರಲ್ಲಿ 'ಟೆಹಾನು' ಎಂಬ ನಾಲ್ಕನೆಯ ಕಾದಂಬರಿ ಬಂತು. ಲೋಕದ ಲೆಕ್ಕದಲ್ಲಿ 18 ವರ್ಷ ಕಳೆದಿತ್ತು. ಕಥೆಯ ಲೆಕ್ಕದಲ್ಲಿ ಒಂದು ದಿನವೂ ಕಳೆದಿರಲಿಲ್ಲ. ಆ ಡ್ರ್ಯಾಗನ್ ಇನ್ನೂ ಗಾಂಟಿನ ಕಡೆಗೆ ಹಾರುತ್ತಲೇ ಇತ್ತು. ಬಂದಿಳಿದವನು ವೀರನಲ್ಲ. ಜೀವ ಮಾತ್ರ ಉಳಿದ, ಮಂತ್ರ ಮರೆತ, ನಾಚಿಕೆಯಿಂದ ಕುಗ್ಗಿದ ನಡುವಯಸ್ಸಿನ ಗಂಡಸು. ಪಟ್ಟಾಭಿಷೇಕಕ್ಕೆ ಕರೆಯಲು ದೊರೆಯ ಕಡೆಯವರು ಬಂದರೆ ಅವರ ಕಣ್ಣಿಗೆ ಬೀಳದಂತೆ ಅಡಗಿಕೊಳ್ಳುತ್ತಾನೆ. ಬೆಟ್ಟಕ್ಕೆ ಹೋಗಿ ಮತ್ತೆ ಆಡು ಕಾಯುತ್ತಾನೆ. ಅವನನ್ನು ಉಪಚರಿಸುವ ಟೆನಾರಳೂ ಈಗ ಪೂಜಾರಿಣಿಯಲ್ಲ, ಮಾಂತ್ರಿಕಳೂ ಅಲ್ಲ. ಒಬ್ಬ ರೈತನನ್ನು ಮದುವೆಯಾಗಿ, ಎರಡು ಮಕ್ಕಳನ್ನು ಬೆಳೆಸಿ, ವಿಧವೆಯಾಗಿ, ಹೊಲಮನೆ ನೋಡಿಕೊಂಡಿರುವ ಹೆಂಗಸು. ಅವಳ ಆಶ್ರಯದಲ್ಲಿ ಒಂದು ಹೆಣ್ಣುಮಗು. ಹೆತ್ತವರೂ ಅವರ ಜೊತೆಗಾರರೂ ಹಿಂಸಿಸಿ ಬೆಂಕಿಗೆ ನೂಕಿದ ಮಗು. ಅರ್ಧ ಮುಖ ಸುಟ್ಟಿದೆ, ಒಂದು ಕೈ ಮುರುಟಿದೆ. ಕಥೆಯಲ್ಲಿ ಸಮುದ್ರಯಾನವಿಲ್ಲ, ಮಾಂತ್ರಿಕರ ಯುದ್ಧವಿಲ್ಲ. ಪಾತ್ರೆ ತೊಳೆಯುವುದಿದೆ, ಆಡು ಕಾಯುವುದಿದೆ, ರಾತ್ರಿ ಬಾಗಿಲಿಗೆ ಬಂದ ದುಷ್ಟರ ಭಯವಿದೆ. ಅಂಥ ರಾತ್ರಿಯೊಂದರಲ್ಲಿ ಗೆಡ್ ಎತ್ತುವ ಆಯುಧ ಮಂತ್ರದಂಡವಲ್ಲ, ಹುಲ್ಲು ಎತ್ತುವ ಕವೆಗೋಲು.

ಓದುಗರು ಒಡೆದರು. ವಿರೋಧಿಸಿದವರ ಮಾತನ್ನು ಮೊದಲು ನ್ಯಾಯವಾಗಿ ಕೇಳೋಣ. ಅವರ ಆಕ್ಷೇಪಗಳು ಮೂರು. ಒಂದು: ಗೆಡ್ ತನ್ನ ಶಕ್ತಿಯನ್ನು ತ್ಯಾಗಮಾಡಿದ್ದು ಮೂರನೆಯ ಪುಸ್ತಕದ ಶಿಖರ, ತ್ಯಾಗಮಾಡಿದವನನ್ನು ಮಹಿಮೆಯಲ್ಲಿ ಬಿಡದೆ ಅವನ ಅಳುವನ್ನೂ ಅವಮಾನವನ್ನೂ ತೋರಿಸುವುದು ನಿರ್ದಯ. ಎರಡು: ಗಂಡುಹೆಣ್ಣುಗಳ ಅಧಿಕಾರದ ವಿಚಾರ ಕಥೆಯೊಳಗೆ ಉಪದೇಶವಾಗಿ ನುಗ್ಗಿದೆ, ಲೇಖಕಿ ತಮ್ಮ ಹೊಸ ಅಭಿಪ್ರಾಯಗಳಿಗಾಗಿ ಹಳೆಯ ಲೋಕವನ್ನು ದಂಡಿಸುತ್ತಿದ್ದಾರೆ. ಮೂರು: ಹುಡುಗರಿಗಾಗಿ ತೊಡಗಿದ ಮಾಲೆಯಲ್ಲಿ ಮಗುವಿನ ಮೇಲಿನ ಅತ್ಯಾಚಾರದಂಥ ವಸ್ತು ಬಂದರೆ, ಮೊದಲ ಮೂರನ್ನು ಓದಿದ ಹನ್ನೆರಡು ವರ್ಷದವನ ಕೈಗೆ ನಾಲ್ಕನೆಯದನ್ನು ಹೇಗೆ ಕೊಡುವುದು?

ಮೆಚ್ಚಿದವರೂ ಸಾಕಷ್ಟು ಜನವಿದ್ದರು; 1990ರ ಶ್ರೇಷ್ಠ ಕಾದಂಬರಿಗೆ ಸಲ್ಲುವ ನೆಬ್ಯುಲಾ ಪ್ರಶಸ್ತಿ ಇದಕ್ಕೇ ಬಂತು. ಅವರ ವಾದ ಇದು: ವೀರನ ಕಥೆ ಮುಗಿದ ಮೇಲೆ ಬದುಕು ಮುಗಿಯುವುದಿಲ್ಲ, ಅಧಿಕಾರ ಹೋದ ಮೇಲೆ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂಬುದನ್ನು ಯಾರಾದರೂ ಹೇಳಬೇಕಾಗಿತ್ತು.

ಈ ಎರಡು ಪಕ್ಷಗಳ ನಡುವೆ ತೀರ್ಪು ಕೊಡಲು ನನಗೆ ಒಂದು ಒರೆಗಲ್ಲು ಬೇಕೆನಿಸುತ್ತದೆ. ಉತ್ತರಭಾಗವು ಹಿತವಾಗಿದೆಯೇ ಎಂದು ಕೇಳಿದರೆ ಪ್ರಯೋಜನವಿಲ್ಲ. ಹಿತವೆಂಬುದು ಒಬ್ಬೊಬ್ಬರಿಗೆ ಒಂದೊಂದು. ಪೂರ್ವಭಾಗ ಉಳಿಸಿಹೋದ ಸಾಲವನ್ನು ಅದು ತೀರಿಸುತ್ತದೆಯೇ ಎಂದು ಕೇಳಬೇಕು. ಸಾಲವಿಲ್ಲದ ಕಡೆ ಬರೆದ ಉತ್ತರಭಾಗ ವ್ಯಾಪಾರ. ಸಾಲವಿದ್ದ ಕಡೆ ಬರೆದದ್ದು ಋಣವಿಮೋಚನೆ.

ಅರ್ಥ್‌ಸೀಯಲ್ಲಿ ಸಾಲವಿತ್ತೇ? ಖಂಡಿತ ಇತ್ತು. ಮೊದಲ ಪುಸ್ತಕದ ಆರಂಭದಲ್ಲಿಯೇ, ಹೆಂಗಸರ ಮಂತ್ರವಿದ್ಯೆ ದುರ್ಬಲ, ಹೆಂಗಸರ ಮಂತ್ರವಿದ್ಯೆ ದುಷ್ಟ ಎಂಬ ಅರ್ಥದ ಗಾದೆಗಳು ಗಾಂಟಿನಲ್ಲಿ ಇವೆಯೆಂದು ಬರುತ್ತದೆ. ಗೆಡ್ಡನಿಗೆ ಮೊದಲ ಮಂತ್ರ ಕಲಿಸಿದವಳು ಹಳ್ಳಿಯ ಹೆಂಗಸಾದ ಅವನ ತಾಯಿಯ ಸೋದರಿ. ಆದರೆ ರೋಕ್ ಗುರುಕುಲದಲ್ಲಿ ಹೆಣ್ಣಿಗೆ ಪ್ರವೇಶವಿಲ್ಲ. ಯಾಕೆಂದು ಮೂರು ಪುಸ್ತಕಗಳಲ್ಲಿ ಒಬ್ಬರೂ ಕೇಳುವುದಿಲ್ಲ. ಇನ್ನು ಟೆನಾರ್: ಎರಡನೆಯ ಪುಸ್ತಕವೆಲ್ಲ ಅವಳದು, ಮುರಿದ ಉಂಗುರ ಕೂಡಲು ನೆರವಾಗಿ ನಾಡಿಗೆ ಶಾಂತಿ ತಂದವಳು. ಮೂರನೆಯ ಪುಸ್ತಕದ ಕಥೆಯಲ್ಲಿ ಅವಳಿಗೆ ಎಡೆಯೇ ಇಲ್ಲ. ಕತ್ತಲೆಯಿಂದ ಹೊರಬಂದ ಹುಡುಗಿ ಬೆಳಕಿನಲ್ಲಿ ಹೇಗೆ ಬಾಳಿದಳೆಂಬುದನ್ನು ಹೇಳದೆ ಬಿಟ್ಟದ್ದು ಸಣ್ಣ ಸಾಲವಲ್ಲ.

ಲೇಖಕಿಗೆ ಇದು ತಿಳಿಯದೆ ಇರಲಿಲ್ಲ. 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ, ವೀರಕಥೆಯೆಂಬ ಪರಂಪರೆಯೇ ಗಂಡಸರದಾಗಿದ್ದು ತಾವೂ ಅದರೊಳಗೇ ನಿಂತು ಬರೆದಿದ್ದುದನ್ನು ಅವರು ವಿವರವಾಗಿ ಚರ್ಚಿಸಿದರು. ಒಂದು ರೂಢಿಯನ್ನು ಅವರು ಮೊದಲೇ ಮುರಿದಿದ್ದರು: ಗೆಡ್ಡನ ಮೈಬಣ್ಣ ತಾಮ್ರದಂತೆ ಕಂದು, ಬಿಳಿಯ ಮೈಯವರು ಆ ಲೋಕದ ದಾಳಿಕಾರರು. ಇನ್ನೊಂದು ರೂಢಿಯನ್ನು ಮುರಿಯಲು ಅವರಿಗೆ ಮತ್ತೆ 18 ವರ್ಷ ಬೇಕಾಯಿತು.

ಆದುದರಿಂದ ಮೊದಲನೆಯ ಆಕ್ಷೇಪವನ್ನು ನಾನು ಒಪ್ಪಲಾರೆ. ಶಕ್ತಿಯನ್ನೆಲ್ಲ ಕಳೆದುಕೊಂಡೆನೆಂದು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದರೆ ಅದು ತ್ಯಾಗದ ಚಿತ್ರವಾದೀತು, ಅನುಭವವಾಗದು. ನಿವೃತ್ತನಾದ ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕೆಂದು ತೋಚದೆ ಕುಳಿತವರನ್ನು ನಾವೆಲ್ಲ ನೋಡಿದ್ದೇವೆ. ಕಳೆದುಕೊಂಡದ್ದರ ಬೆಲೆಯನ್ನು ದಿನದಿನವೂ ತೆತ್ತಾಗಲೇ ಗೆಡ್ಡನ ತ್ಯಾಗ ನಿಜವಾಯಿತು. ಟೆನಾರಳೊಡನೆ ಅವನು ಮನೆಮಾಡಿ ನಿಂತಾಗ ಅದಕ್ಕೊಂದು ಫಲವೂ ದೊರೆಯಿತು. ಮೂರನೆಯ ಆಕ್ಷೇಪಕ್ಕೆ ಉತ್ತರ ಸುಲಭ: ಪುಸ್ತಕವನ್ನು ಕೊಡುವ ಕಾಲವನ್ನು ಹಿರಿಯರು ನೋಡಿಕೊಳ್ಳಬೇಕು. ಮೊದಲ ಮೂರನ್ನು ಹನ್ನೆರಡಕ್ಕೆ, ನಾಲ್ಕನೆಯದನ್ನು ಇಪ್ಪತ್ತಕ್ಕೆ ಕೊಟ್ಟರೆ ಕೆಡುವುದೇನೂ ಇಲ್ಲ.

ಎರಡನೆಯ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಅಲ್ಲಿಯ ದುಷ್ಟ ಮಾಂತ್ರಿಕನಿಗೆ ಹೆಣ್ಣಿನ ಮೇಲಿನ ದ್ವೇಷವೊಂದನ್ನು ಬಿಟ್ಟು ಬೇರೆ ಒಳಬಾಳಿಲ್ಲ. ಹಿಂದಿನ ಪುಸ್ತಕಗಳ ನೆರಳಿಗೆ ಇದ್ದ ಆಳ ಅವನಿಗಿಲ್ಲ. ಕೊನೆಯಲ್ಲಿ ಡ್ರ್ಯಾಗನ್ ಬಂದು ಕಾಪಾಡುವುದೂ ತುಸು ಅವಸರವೆನಿಸುತ್ತದೆ. 'ಅರ್ಥ್‌ಸೀಯ ಕೊನೆಯ ಪುಸ್ತಕ' ಎಂದು ಅದಕ್ಕೆ ಉಪಶೀರ್ಷಿಕೆ ಕೊಟ್ಟಿದ್ದೂ ಸರಿಹೋಗಲಿಲ್ಲ. 2001ರಲ್ಲಿ ಮತ್ತೆರಡು ಪುಸ್ತಕಗಳು ಬಂದುವು. ಕೊನೆಯದೆಂದದ್ದು ತಪ್ಪಾಯಿತೆಂದು ಲೇಖಕಿಯೇ ನಗುತ್ತ ಒಪ್ಪಿಕೊಂಡರು. ಆ ಎರಡರಲ್ಲಿ ಒಂದು, ರೋಕ್ ಗುರುಕುಲವನ್ನು ಸ್ಥಾಪಿಸಿದವರಲ್ಲಿ ಹೆಂಗಸರೂ ಇದ್ದರೆಂದು ಹೇಳುತ್ತದೆ. ಇನ್ನೊಂದು, ಸತ್ತವರ ಆ ಒಣನಾಡು ಹಿಂದಿನ ಮಾಂತ್ರಿಕರ ದುರಾಸೆಯ ಫಲವೆಂದು ತೋರಿಸಿ, ಅದರ ಗೋಡೆಯನ್ನೇ ಕೆಡಹುತ್ತದೆ. ಹಳೆಯ ಓದುಗರಿಗೆ ಇದು ಇನ್ನೂ ಕಠಿಣ. ಆದರೆ ದಫ್ತರಗಳನ್ನು ತೆಗೆದು ನೋಡಿದ ಇತಿಹಾಸಕಾರನಿಗೆ ಮರೆತವರ ಹೆಸರುಗಳು ಸಿಕ್ಕುವುದು ಲೋಕದಲ್ಲಿ ಹೊಸತಲ್ಲ.

ಈಗ ನಮ್ಮ ಕಡೆಗೆ ಒಂದಿಷ್ಟು ನೋಡೋಣ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡ ಪಟ್ಟಾಭಿಷೇಕದಿಂದಲೂ ಫಲಶ್ರುತಿಯಿಂದಲೂ ಮುಗಿಯುತ್ತದೆ. ಅನಂತರ ಬರುವ ಉತ್ತರಕಾಂಡವನ್ನು ಎಷ್ಟೋ ವಿದ್ವಾಂಸರು ಆಮೇಲಿನ ಸೇರ್ಪಡೆಯೆನ್ನುತ್ತಾರೆ. ಪಾರಾಯಣವನ್ನು ಪಟ್ಟಾಭಿಷೇಕಕ್ಕೇ ನಿಲ್ಲಿಸುವ ಮನೆಗಳು ಇಂದಿಗೂ ಇವೆ. ಸೀತೆಯನ್ನು ಕಾಡಿಗೆ ಕಳಿಸಿದ ಮಾತನ್ನು ಕೇಳಲಾರದವರ ನೋವು ನಿಜವಾದದ್ದು. ಆದರೂ ಆ ಕಥೆಯನ್ನೇ ಲಕ್ಷ್ಮೀಶ ತನ್ನ ಜೈಮಿನಿ ಭಾರತದೊಳಗೆ ತಂದು ಹಾಡಿದಾಗ ಕನ್ನಡದ ಜನ ಗಮಕಿಗಳ ಬಾಯಿಂದ ಅದನ್ನು ಕೇಳಿ ಕಣ್ಣೀರಿಟ್ಟರು. ಅಗ್ನಿಪ್ರವೇಶದಲ್ಲಿ ಹೊತ್ತಿದ ಪ್ರಶ್ನೆ ಪಟ್ಟಾಭಿಷೇಕದಲ್ಲಿ ಆರಿರಲಿಲ್ಲ. ಅದೂ ಒಂದು ಸಾಲವೇ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ವಿದ್ವಾಂಸರು ತಿಮ್ಮಣ್ಣನನ್ನು ಗೌರವಿಸುತ್ತಾರೆ. ಜನ ಓದುವುದು ಹತ್ತು ಪರ್ವಗಳನ್ನೇ. ಇದರಲ್ಲಿ ಯಾರ ತಪ್ಪೂ ಇಲ್ಲ. ಇನ್ನು ಮುದ್ದಣನಂತೂ ಪಟ್ಟಾಭಿಷೇಕದ ಮುಂದಿನ ಕಥೆಯನ್ನು ಹೇಳುವಾಗ, ಕವಿಯೊಡನೆ ವಾದಿಸುವ ಮನೋರಮೆಯನ್ನು ಕಾವ್ಯದೊಳಗೇ ಕೂರಿಸಿಬಿಟ್ಟ. ಓದುಗರ ಜಗಳಕ್ಕೆ ಇಷ್ಟು ಮರ್ಯಾದೆಯ ಪೀಠವನ್ನು ಕೊಟ್ಟ ಕವಿಗಳು ಹೆಚ್ಚು ಮಂದಿಯಿಲ್ಲ.

ಇವೆಲ್ಲದರಿಂದ ನನಗೆ ತೋರುವುದಿಷ್ಟು. ಓದುಗನಿಗೆ ಒಂದು ಹಕ್ಕುಂಟು: ತನಗೆ ಪ್ರಿಯವಾದ ಕಡೆ ಪುಸ್ತಕವನ್ನು ಮುಚ್ಚುವ ಹಕ್ಕು. ಗೆಡ್ ಡ್ರ್ಯಾಗನ್ನಿನ ಬೆನ್ನ ಮೇಲೆ ಹಾರುತ್ತಿರುವಲ್ಲಿಯೇ ಯಾರಾದರೂ ನಿಲ್ಲಿಸಿದರೆ ಅವರನ್ನು ಹಳಿಯಬೇಕಾಗಿಲ್ಲ. 1972ರ ಪುಸ್ತಕದ ಒಂದು ಅಕ್ಷರವನ್ನೂ 1990ರ ಪುಸ್ತಕ ಅಳಿಸಿಲ್ಲ. ಲೇಖಕನಿಗೂ ಒಂದು ಹಕ್ಕುಂಟು: ತಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ವಯಸ್ಸಾದ ಮೇಲೆ ಕೇಳುವ ಹಕ್ಕು. ಹದಿನೆಂಟು ವರ್ಷ ಬದುಕಿ, ಕಂಡು, ನೊಂದು, ಆಮೇಲೆಯೂ ಹಿಂದಿನಂತೆಯೇ ಬರೆಯಬೇಕೆಂದು ಕೇಳಿದರೆ ನಾವು ಕೇಳಿದ್ದು ಕಥೆಯನ್ನಲ್ಲ, ನಮ್ಮ ಬಾಲ್ಯವನ್ನು. ಅದನ್ನು ಯಾವ ಲೇಖಕನೂ ಮರಳಿ ಕೊಡಲಾರ.

ನಮ್ಮ ಮಕ್ಕಳ ವಿಷಯ ಹೇಳಿ ಮುಗಿಸುತ್ತೇನೆ. ಒಂದು ಕಥೆ ತನಗೆ ದ್ರೋಹಮಾಡಿತೆಂದು ಹುಡುಗನೋ ಹುಡುಗಿಯೋ ಸಿಟ್ಟಾದರೆ, ಆ ಕಥೆಯನ್ನು ಅವರು ಮನಸ್ಸಿಟ್ಟು ಓದಿದ್ದಾರೆಂದು ತಿಳಿಯಿರಿ; ಪ್ರೀತಿಯಿಲ್ಲದ ಕಡೆ ಈ ಸಿಟ್ಟು ಹುಟ್ಟುವುದಿಲ್ಲ. ಅವರನ್ನು ಕೂರಿಸಿಕೊಂಡು ಕಾರಣ ಕೇಳಿ. ಆಮೇಲೆ ಲಕ್ಷ್ಮೀಶನ ಸೀತೆಯ ಕಥೆಯನ್ನು ಕನ್ನಡದಲ್ಲಿ ಹೇಳಿ, ಈ ಮುಂದುವರಿಕೆ ಬೇಕಿತ್ತೇ ಬೇಡವಿತ್ತೇ ಎಂದು ಅವರನ್ನೇ ಕೇಳಿ ನೋಡಿ. ಆ ಜಗಳ ಕನ್ನಡದಲ್ಲಿ ಒಂದು ಗಂಟೆ ನಡೆದರೆ, ಈ ಊರಿನಲ್ಲಿ ನಮ್ಮ ನುಡಿಗೆ ಅದಕ್ಕಿಂತ ದೊಡ್ಡ ಉತ್ಸವ ಬೇಡ.